ಯಾರ ಮನೆಯ ಉಸುಕು

ಬಿಬವೇವಾಡಿಯಲ್ಲಿ ನಾಲ್ಕು ದಿನ ಇದ್ದವರಿಗೂ ಇಲ್ಲಿನ ಇಳಿಜಾರು ಗೊತ್ತಾಗಿಬಿಡುತ್ತದೆ. ಕಾತ್ರಜ್, ಕೊಂಢವಾ ಕಡೆಯ ಗುಡ್ಡಗಳಿಂದ ಮಾರ್ಕೆಟ್ ಯಾರ್ಡಿನ ಕಡೆಗೆ ನೆಲ ಇಳಿಯುತ್ತಾ ಬರುತ್ತದೆ. ಬಸ್ಸಿನ ಬೋರ್ಡಿನ ಮೇಲೂ ಅದೇ ಬರೆದಿರುತ್ತದೆ: ಅಪ್ಪರ್, ಸೂಪರ್. ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ನೋಡಿ, ಗುಡ್ಡದ ಮುರುಮು, ಕಟ್ಟಡಗಳ ಮುಂದೆ ಸುರಿದಿದ್ದ ಕ್ರಷರ್ ಪುಡಿ, ಅಗೆದು ಅರ್ಧಂಬರ್ಧ ಮುಚ್ಚಿದ ರಸ್ತೆಯ ಮಣ್ಣು ಎಲ್ಲ ಹರಿದು ಬಂದು ತಿರುವುಗಳಲ್ಲಿ ತೆಳ್ಳಗೆ ಹಾಸಿಕೊಂಡಿರುತ್ತವೆ. ಸ್ಕೂಟರಿನವರು ಒಬ್ಬಿಬ್ಬರು ಜಾರುತ್ತಾರೆ. ಮೂರನೆಯ ದಿನ ಆ ಉಸುಕು ಅಲ್ಲಿರುವುದಿಲ್ಲ. ಗುಡಿಸಿದವರು ಕಾಣಲಿಲ್ಲವಲ್ಲ, ಹೋಯಿತೆಲ್ಲಿ ಎಂದು ನಾವು ಕೇಳುವುದೂ ಇಲ್ಲ.

ಹೋದದ್ದು ಕೆಳಕ್ಕೆ. ಒಂದಿಷ್ಟು ಪಶ್ಚಿಮದ ಆಂಬೀಲ್ ಓಢಾಕ್ಕೆ, ಒಂದಿಷ್ಟು ಪೂರ್ವದ ಭೈರೋಬಾ ನಾಲೆಗೆ, ಇನ್ನೊಂದಿಷ್ಟು ಮ್ಯಾನ್‌ಹೋಲಿನ ಸಂದಿಯಿಂದ ಒಳಚರಂಡಿಗೆ. ಕಾಗದದ ಮೇಲೆ ಮಳೆನೀರಿನ ದಾರಿ ಬೇರೆ, ಒಳಚರಂಡಿಯ ದಾರಿ ಬೇರೆ. ಆದರೆ ಮೊಣಕಾಲುದ್ದ ನೀರು ನಿಂತಾಗ ಯಾರೋ ಒಬ್ಬರು ಹಾರೆ ತಂದು ಮ್ಯಾನ್‌ಹೋಲಿನ ಮುಚ್ಚಳ ಎತ್ತುತ್ತಾರೆ, ನೀರು ಗಳಗಳ ಇಳಿಯುತ್ತದೆ, ನಾವೆಲ್ಲ ಅವರನ್ನು ಹೊಗಳುತ್ತೇವೆ. ಅದೇ ಗಳಿಗೆಯಲ್ಲಿ ಗುಡ್ಡದ ಮಣ್ಣು ನಮ್ಮ ಬಚ್ಚಲಿನ ನೀರಿನೊಂದಿಗೆ ಸೇರುತ್ತದೆ.

ಮನೆಗಳಿಂದಲೂ ಹೋಗುತ್ತದೆ. ಆಲೂಗಡ್ಡೆ, ಶುಂಠಿ, ಮೂಲಂಗಿ ತೊಳೆದಾಗ, ನೆಲ ಒರೆಸಿದ ಬಕೆಟ್ ಚೆಲ್ಲಿದಾಗ, ಬಾಲ್ಕನಿಯ ಕುಂಡಗಳಿಗೆ ನೀರು ಹೆಚ್ಚಾದಾಗ, ಟೈಲ್ಸ್ ಹಾಕುವವನು ಸಂಜೆ ಸಿಮೆಂಟಿನ ಕೈಯನ್ನೂ ಕರಣೆಯನ್ನೂ ನಮ್ಮ ಬಚ್ಚಲಲ್ಲೇ ತೊಳೆದಾಗ. ಒಂದು ಮನೆಯಿಂದ ದಿನಕ್ಕೆ ಒಂದು ಚಮಚ, ಹತ್ತು ಗ್ರಾಂ ಎಂದಿಟ್ಟುಕೊಳ್ಳಿ. ಒಂದು ಲಕ್ಷ ಮನೆಗಳಿಗೆ ದಿನಕ್ಕೆ ಒಂದು ಟನ್ ಆಯಿತು, ವರ್ಷಕ್ಕೆ 365 ಟನ್. ಇದು ಬರೀ ಚಮಚದ ಲೆಕ್ಕ, ಗುಡ್ಡದ್ದು ಬೇರೆ.

ಉಸುಕಿನ ಸ್ವಭಾವ ಸರಳವಾದದ್ದು. ಅದು ನೀರಿಗಿಂತ ಸುಮಾರು 2.65 ಪಟ್ಟು ಭಾರ. ನೀರು ಜೋರಾಗಿ ಓಡುತ್ತಿರುವವರೆಗೆ ಜೊತೆಗೆ ಓಡುತ್ತದೆ, ನೀರು ನಿಧಾನಿಸಿದಲ್ಲಿ ಕೂರುತ್ತದೆ. ಅದಕ್ಕೇ ಒಳಚರಂಡಿಯ ಕೊಳವೆಗಳಲ್ಲಿ ನೀರು ಸೆಕೆಂಡಿಗೆ 0.6 ಮೀಟರಿಗಿಂತ ಕಡಿಮೆ ಆಗದಂತೆ ಇಳಿಜಾರು ಕೊಡುತ್ತಾರೆ. ಶುದ್ಧೀಕರಣ ಘಟಕಕ್ಕೆ ಬಂದ ಮೇಲೆ ತಿರುವುಮುರುವು. ಅಲ್ಲಿ ಬೇಕೆಂದೇ ವೇಗವನ್ನು ಸೆಕೆಂಡಿಗೆ 0.3 ಮೀಟರಿನ ಆಸುಪಾಸಿಗೆ ಇಳಿಸುವ ಒಂದು ಉದ್ದನೆಯ ತೊಟ್ಟಿ ಇರುತ್ತದೆ. ನೀರು ಅದನ್ನು ದಾಟಲು ಒಂದು ನಿಮಿಷ ಹಿಡಿದರೆ ಹೆಚ್ಚು. ಆ ನಿಮಿಷದಲ್ಲಿ 0.2 ಮಿಲಿಮೀಟರಿನಷ್ಟು ದಪ್ಪದ ಹರಳುಗಳು ತಳ ಸೇರುತ್ತವೆ, ಹಗುರಾದ ಮಲಿನ ಪದಾರ್ಥ ಮುಂದೆ ಹೋಗುತ್ತದೆ. ವೇಗ ಇನ್ನೂ ತಗ್ಗಿದರೆ ಹೊಲಸೂ ಉಸುಕಿನೊಂದಿಗೆ ಕೂತು ನಾರುತ್ತದೆ, ಹೆಚ್ಚಿದರೆ ಉಸುಕೂ ಮುಂದೆ ಹೋಗುತ್ತದೆ. ಇದಕ್ಕೆ ಗ್ರಿಟ್ ಚೇಂಬರ್ ಎನ್ನುತ್ತಾರೆ. ನಾನು ಉಸುಕಿನ ತೊಟ್ಟಿ ಎನ್ನುತ್ತೇನೆ.

ಈ ತೊಟ್ಟಿ ಸರಿಯಿಲ್ಲದಿದ್ದರೆ ಏನಾಗುತ್ತದೆ? ತಕ್ಷಣಕ್ಕೆ ಏನೂ ಆಗುವುದಿಲ್ಲ, ಅದೇ ತೊಂದರೆ. ಪಂಪಿನ ರೆಕ್ಕೆಗಳು ಸಾಣೆ ಹಿಡಿದಂತೆ ಸವೆಯುತ್ತವೆ. ಗಾಳಿ ಊದುವ ತೊಟ್ಟಿಯ ತಳದಲ್ಲಿ ಉಸುಕು ಏರಿ ಗಾಳಿಯ ರಂಧ್ರಗಳನ್ನು ಮುಚ್ಚುತ್ತದೆ. ಹತ್ತು ಅಡಿಯ ತೊಟ್ಟಿ ಎಂಟಡಿಯದಾಗುತ್ತದೆ, ಆಮೇಲೆ ಏಳಡಿಯದು. ಫಲಕದ ಮೇಲೆ ಬರೆದ ಸಾಮರ್ಥ್ಯ ಹಾಗೇ ಇರುತ್ತದೆ, ಒಳಗಿನ ಜಾಗ ಇರುವುದಿಲ್ಲ. ಪುಣೆ ಮಹಾನಗರಪಾಲಿಕೆ ಜಪಾನಿನ ಜೈಕಾ ಸಂಸ್ಥೆಯ ಸಾಲದಿಂದ ಮುಳಾ–ಮುಠಾಕ್ಕಾಗಿ 11 ಹೊಸ ಘಟಕಗಳನ್ನು, ದಿನಕ್ಕೆ 396 ದಶಲಕ್ಷ ಲೀಟರ್ ಸಾಮರ್ಥ್ಯದ್ದನ್ನು ಕಟ್ಟಲು ಹೊರಟಿತು. ಅಂಥ ಅಂಕಿಗಳನ್ನು ಓದುವಾಗಲೆಲ್ಲ ನನಗೆ ತಳದ ಉಸುಕಿನ ನೆನಪಾಗುತ್ತದೆ. ಹೊಸದನ್ನು ಕಟ್ಟಿದವರಿಗೆ ಫಲಕ ಇಡುತ್ತಾರೆ. ತಳ ತೆಗೆದವರಿಗೆ ಇಟ್ಟದ್ದನ್ನು ನಾನಂತೂ ಎಲ್ಲೂ ಕಂಡಿಲ್ಲ.

ದೊಡ್ಡ ವಸತಿ ಸಮುಚ್ಚಯಗಳಿಗೆ ತಮ್ಮದೇ ಎಸ್‌ಟಿಪಿ ಇರಬೇಕೆಂಬ ನಿಯಮ ಬಂದ ಮೇಲೆ ಈ ಮಾತು ನಗರಪಾಲಿಕೆಯದಷ್ಟೇ ಆಗಿ ಉಳಿದಿಲ್ಲ. ನಮ್ಮ ಸೊಸೈಟಿಯಲ್ಲೂ ಪಾರ್ಕಿಂಗಿನ ಕೆಳಗೊಂದಿದೆ. ಇಂಥ ಚಿಕ್ಕ ಘಟಕಗಳಲ್ಲಿ ಬಹಳ ಕಡೆ ಪ್ರತ್ಯೇಕ ಉಸುಕಿನ ತೊಟ್ಟಿಯೇ ಇರುವುದಿಲ್ಲ. ಮನೆಯ ನೀರಿನಲ್ಲಿ ಅಷ್ಟೇನು ಉಸುಕು ಬರುತ್ತದೆ ಎಂದು ಬಿಟ್ಟಿರುತ್ತಾರೆ. ಬಂದದ್ದು ಮೊದಲ ತೊಟ್ಟಿಯ ತಳದಲ್ಲಿ ಕೂರುತ್ತದೆ. ಒಂಬತ್ತು ವರ್ಷ ಕೂತಿತ್ತು. ಹೋದ ವರ್ಷ ಪಂಪು ಎರಡನೇ ಸಲ ಕೆಟ್ಟಾಗ ರಿಪೇರಿಯವನು ಕೋಲು ಇಳಿಬಿಟ್ಟು ನೋಡಿ, ಮೂರಡಿ ಉಸುಕಿದೆ ಎಂದ.

ಸೊಸೈಟಿಯ ಸಭೆ ಸೇರಿತು. ತೆಗೆಸಬೇಕು ಎಂಬುದಕ್ಕೆ ಯಾರದೂ ತಕರಾರಿರಲಿಲ್ಲ. ತಕರಾರು ಬಂದದ್ದು ಮನೆಗಿಷ್ಟು ಎಂದು ಹಣ ಹಂಚುವಾಗ. ಎರಡನೇ ಮಹಡಿಯ ಕಾಕೂ ಎದ್ದು ನಿಂತು, ನಮ್ಮ ಮನೆಯಲ್ಲಿ ಇಬ್ಬರೇ ಮುದುಕರು, ಒಂದು ಕುಂಡವೂ ಇಲ್ಲ, ನಮ್ಮ ಉಸುಕು ಎಲ್ಲಿಂದ ಬಂತು ಎಂದರು. ಗಾರ್ಡನ್ ಫ್ಲ್ಯಾಟಿನವರು, ಹಾಗಾದರೆ ಹೋದ ವರ್ಷ ಇಡೀ ಮನೆಯ ಟೈಲ್ಸ್ ಕಿತ್ತವರು ಯಾರು ಎಂದು ಕೇಳಿದರು. ಯಾರೋ ನಗುತ್ತಾ, ಉಸುಕಿನ ಮೇಲೆ ಫ್ಲ್ಯಾಟ್ ನಂಬರ್ ಬರೆದಿರುತ್ತದೇನ್ರೀ ಅಂದರು. ನಗು ಬಂತು, ಆದರೆ ಕಾಕೂ ಕೇಳಿದ್ದು ನಗುವ ಪ್ರಶ್ನೆಯಲ್ಲ. ನಾನು ಹಾಕಿದ್ದು ಇದ್ದರೂ ಇಲ್ಲದಷ್ಟು ಕಡಿಮೆಯಾದರೆ, ನನ್ನ ಮೇಲೆ ಬರುವ ಹೊಣೆ ಎಷ್ಟು?

ಈ ಪ್ರಶ್ನೆ ತುಂಬ ಹಳೆಯದು, ವಿಚಿತ್ರವೆಂದರೆ ಅದಕ್ಕೂ ಉಸುಕಿನದೇ ರೂಪ. ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ಗ್ರೀಕ್ ತಾರ್ಕಿಕ ಯೂಬುಲಿಡೀಸನ ಹೆಸರಿನಲ್ಲಿ ಒಂದು ಒಗಟಿದೆ. ಒಂದು ಕಾಳು ರಾಶಿಯಲ್ಲ. ರಾಶಿಯಲ್ಲದ್ದಕ್ಕೆ ಒಂದು ಕಾಳು ಸೇರಿಸಿದರೆ ಅದು ರಾಶಿಯಾಗುವುದಿಲ್ಲ. ಹೀಗೇ ಸೇರಿಸುತ್ತಾ ಹೋದರೆ ರಾಶಿ ಎಂಬುದೇ ಎಂದೂ ಹುಟ್ಟಬಾರದು. ಆದರೆ ರಾಶಿ ಇದೆ, ನಮ್ಮ ಪಾರ್ಕಿಂಗಿನ ಕೆಳಗೆ ಮೂರಡಿ ಇದೆ. ತರ್ಕದ ಪಾಠದಲ್ಲಿ ಇದನ್ನು ಮಾತಿನ ಅಸ್ಪಷ್ಟತೆಯ ಸಮಸ್ಯೆ ಎಂದು ಕಲಿಸುತ್ತಾರೆ. ನನಗೆ ಇದು ನೀತಿಯ ಸಮಸ್ಯೆಯಾಗಿಯೇ ಕಾಣುತ್ತದೆ. ಪ್ರತಿಯೊಂದು ಕಾಳಿಗೂ "ನನ್ನಿಂದ ರಾಶಿಯಾಗಲಿಲ್ಲ" ಎನ್ನುವ ಹಕ್ಕಿದೆ, ಹಾಗೆ ಹೇಳುವುದರಲ್ಲಿ ಸುಳ್ಳೂ ಇಲ್ಲ.

ಆಕ್ಸ್‌ಫರ್ಡಿನ ಡೆರೆಕ್ ಪಾರ್ಫಿಟ್ 1984ರ ತನ್ನ ಪುಸ್ತಕದಲ್ಲಿ ಇದನ್ನೇ ಭಯಂಕರವಾಗಿ ಕಲ್ಪಿಸಿದ. ಸಾವಿರ ಜನ ಹಿಂಸಕರು, ಸಾವಿರ ಜನ ಬಲಿಪಶುಗಳು. ಪ್ರತಿ ಹಿಂಸಕ ಒತ್ತುವ ಗುಂಡಿಯಿಂದ ಪ್ರತಿಯೊಬ್ಬನ ನೋವು ಗೊತ್ತೇ ಆಗದಷ್ಟು ಮಾತ್ರ ಹೆಚ್ಚುತ್ತದೆ. ಸಾವಿರ ಜನ ಒತ್ತಿದಾಗ ತಡೆಯಲಾಗದ ಯಾತನೆ. ಯಾವೊಬ್ಬನೂ ಯಾರಿಗೂ ತಿಳಿಯುವಷ್ಟು ನೋವು ಕೊಟ್ಟಿಲ್ಲ, ಹಾಗಾದರೆ ತಪ್ಪಿತಸ್ಥರಿಲ್ಲವೆ? ನಾನೊಬ್ಬ ಏನು ಮಾಡಿದೆ ಎಂದಷ್ಟೇ ಕೇಳಿಕೊಂಡರೆ ಸಾಲದು, ನಾವು ಕೂಡಿ ಏನು ಮಾಡುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕು ಎನ್ನುವುದು ಅವನ ವಾದದ ದಿಕ್ಕು.

ಒಪ್ಪುತ್ತೇನೆ, ಆದರೆ ಪೂರ್ತಿ ಸಮಾಧಾನವಿಲ್ಲ. ಪಾರ್ಫಿಟ್‌ನ ಹಿಂಸಕರು ಗುಂಡಿ ಒತ್ತದೆ ಇರಬಹುದಿತ್ತು. ಕಾಕೂ ಆಲೂಗಡ್ಡೆ ತೊಳೆಯದೆ ಇರಲಾರರು. ಮನುಷ್ಯರು ಒಂದೆಡೆ ಬದುಕಿದರೆ ಉಸುಕು ಹೋಗಿಯೇ ಹೋಗುತ್ತದೆ. ಇನ್ನೂ ವಿಚಿತ್ರವೆಂದರೆ ಒಳ್ಳೆಯ ಕೆಲಸದಿಂದಲೂ ಹೋಗುತ್ತದೆ. ನದಿ ಕೆಡಬಾರದೆಂದು ಪುಣೆಯ ಎಷ್ಟೋ ಮನೆಗಳವರು ಶಾಡೂ ಮಣ್ಣಿನ ಗಣಪತಿ ತಂದು ಮನೆಯಲ್ಲೇ ಬಕೆಟ್ಟಿನಲ್ಲಿ ವಿಸರ್ಜಿಸುತ್ತಾರೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳನ್ನು ಮನೆಯಲ್ಲೇ ಕರಗಿಸಲು ಇಲ್ಲಿನ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಅಮೋನಿಯಂ ಬೈಕಾರ್ಬೊನೇಟಿನ ವಿಧಾನ ಕಂಡುಹಿಡಿದು, ಪಾಲಿಕೆ ಆ ಪುಡಿಯನ್ನು ಹಂಚಿದ್ದೂ ಉಂಟು. ಕರಗಿದ ಮಣ್ಣನ್ನು ಕುಂಡಕ್ಕೆ ಹಾಕಿದರೆ ಸರಿ. ಬಚ್ಚಲಿಗೆ ಸುರಿದರೆ? ಅಷ್ಟು ನುಣುಪಾದ ಮಣ್ಣು ಉಸುಕಿನ ತೊಟ್ಟಿಯಲ್ಲಿ ನಿಲ್ಲುವುದೂ ಇಲ್ಲ, ಅದನ್ನು ದಾಟಿ ಮುಂದಿನ ತೊಟ್ಟಿಗಳಲ್ಲಿ ಕೆಸರಾಗಿ ಕೂರುತ್ತದೆ. ಭಕ್ತಿಯೂ ಸರಿಯಿದೆ, ಪರಿಸರದ ಕಾಳಜಿಯೂ ಸರಿಯಿದೆ, ತಳದಲ್ಲಿ ಮಾತ್ರ ಇನ್ನೊಂದು ಪದರ.

ಆದ್ದರಿಂದ ತಪ್ಪು ಎಂಬ ಶಬ್ದ ಇಲ್ಲಿ ಹೊಂದುವುದಿಲ್ಲ. ನಮ್ಮ ಭಾಷೆಯಲ್ಲೇ ಇದಕ್ಕಿಂತ ಒಳ್ಳೆಯ ಶಬ್ದವಿದೆ: ಪಾಲು. ಪಾಲು ಬರುವುದಕ್ಕೆ ತಪ್ಪು ಮಾಡಿರಬೇಕಾಗಿಲ್ಲ, ಮನೆಯವನಾಗಿದ್ದರೆ ಸಾಕು. ಹೊಲದಲ್ಲಿ ಪಾಲು, ಸಾಲದಲ್ಲಿ ಪಾಲು, ಬಾವಿಯ ನೀರಿನಲ್ಲಿ ಪಾಲು. ನಮ್ಮ ಕಡೆ ಕೆರೆಗಳ ಹೂಳಿಗೂ ಹೀಗೇ ಇತ್ತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಬಂಡಿ ಕಟ್ಟಿಕೊಂಡು ಹೋಗಿ ಹೂಳು ತುಂಬಿಕೊಂಡು ಬಂದು ಹೊಲಕ್ಕೆ ಹಾಕುತ್ತಿದ್ದರು. ಆ ಮಣ್ಣು ಯಾರ ಹೊಲದಿಂದ ಕೊಚ್ಚಿ ಬಂದದ್ದು ಎಂದು ಯಾರೂ ಕೇಳುತ್ತಿರಲಿಲ್ಲ. ಇಲ್ಲಿಯೇ, ಬಿಬವೇವಾಡಿಯ ಪಕ್ಕದಲ್ಲೇ, ಹದಿನೆಂಟನೇ ಶತಮಾನದ ನಡುವೆ ನಾನಾಸಾಹೇಬ ಪೇಶ್ವೆ ಕಾತ್ರಜ್ ಕೆರೆಯಿಂದ ಶನಿವಾರವಾಡೆಯವರೆಗೆ ನೆಲದೊಳಗೆ ಕಲ್ಲಿನ ಕಾಲುವೆ ಕಟ್ಟಿಸಿದ. ದಾರಿಯುದ್ದಕ್ಕೂ ಮೇಲಕ್ಕೆ ಉಸಿರುಗಂಡಿಗಳು, ನಡುನಡುವೆ ಹೂಳು ಕೂರಲು ತೊಟ್ಟಿಗಳು. ಮಣ್ಣು ಬಂದೇ ಬರುತ್ತದೆ ಎಂದು ಒಪ್ಪಿಕೊಂಡು ಕಟ್ಟಿದ ಕಾಲುವೆ ಅದು. ಕಟ್ಟುವಾಗಲೇ, ಮುಂದೊಂದು ದಿನ ಒಬ್ಬ ಮನುಷ್ಯ ಇಳಿದು ಇದನ್ನು ತೆಗೆಯಬೇಕು, ಅವನಿಗೆ ಉಸಿರಾಡಲು ಗಾಳಿ ಬೇಕು ಎಂಬ ಯೋಚನೆಗೂ ಜಾಗವಿತ್ತು.

ಆದರೆ ಹೂಳಿನ ಮಾತನ್ನು ಸೊಸೈಟಿಯ ಗುಂಡಿಗೆ ಹೊಂದಿಸುವುದು ಅಷ್ಟು ಸುಲಭವಲ್ಲ. ಹೂಳು ಬಂಗಾರ, ಚರಂಡಿಯ ಉಸುಕು ಹೊಲಸು. ಬೇಕಾದ್ದರಲ್ಲಿ ಎಲ್ಲರಿಗೂ ಪಾಲು ಬೇಕು. ಮುಟ್ಟಲಾರದ್ದರ ಪಾಲನ್ನು ನಮ್ಮ ಸಮಾಜ ಸಾವಿರಾರು ವರ್ಷಗಳಿಂದ ಕೆಲವೇ ಜಾತಿಗಳ ತಲೆಯ ಮೇಲೆ ಹೊರಿಸಿಬಿಟ್ಟಿದೆ, ತಲೆಯ ಮೇಲೆ ಎಂಬುದು ಇಲ್ಲಿ ಅಲಂಕಾರದ ಮಾತಲ್ಲ. ಕರ್ನಾಟಕದಲ್ಲಿ ಮಲ ಹೊರುವುದನ್ನು ನಿಷೇಧಿಸಲು 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಬರಬೇಕಾಯಿತು. ಅದಾದ ಮೇಲೂ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಅದು ನಡೆದೇ ಇತ್ತು. ಅದೇ ಕೆಜಿಎಫ್‌ನಲ್ಲಿ ಅಂಥದೇ ಮನೆತನದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಸಫಾಯಿ ಕರ್ಮಚಾರಿ ಆಂದೋಲನವನ್ನು ಕಟ್ಟಿದರು, 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೂ ಬಿಗಿಯಾದ ಇನ್ನೊಂದು. ಚರಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿಸಬೇಕಾಯಿತು ಎಂದರೆ ಸಾವು ನಿಂತಿಲ್ಲ ಎಂದೇ ಅರ್ಥ. 2018ರ ಜನವರಿಯಲ್ಲಿ ಬೆಂಗಳೂರಿನ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟೊಂದರ ಎಸ್‌ಟಿಪಿ ಗುಂಡಿಯಲ್ಲಿ ಮೂವರು ಸತ್ತರು. 2022ರ ಅಕ್ಟೋಬರಿನಲ್ಲಿ ಪುಣೆಯದೇ ವಾಘೋಲಿಯ ಒಂದು ಸೊಸೈಟಿಯ ಟ್ಯಾಂಕಿನಲ್ಲಿ ಕೂಲಿಯವರು ಸತ್ತರು. ನಮ್ಮಂಥವರೇ ಇರುವ ಕಟ್ಟಡಗಳು, ನಮ್ಮಂಥವೇ ಸಭೆಗಳು.

ಸಾವು ಹೇಗೆ ಬರುತ್ತದೆಂದರೆ, ತಳದ ಕೆಸರನ್ನು ಕೆದಕಿದಾಗ ಅದರಲ್ಲಿ ಸಿಕ್ಕಿಕೊಂಡಿದ್ದ ಹೈಡ್ರೋಜನ್ ಸಲ್ಫೈಡ್ ಒಮ್ಮೆಲೇ ಏಳುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ, ವಾಸನೆ ನಿಂತಿತು ಎನಿಸುತ್ತದೆ. ಒಳಗಿದ್ದವನು ಹೊರಗಿದ್ದವನಿಗೆ ಈಗ ಪರವಾಗಿಲ್ಲ ಎನ್ನುವ ಹೊತ್ತೂ ಅದೇ ಆಗಿರಬಹುದು.

ಸಭೆಯ ಮುಂದೆ ಎರಡು ಕೊಟೇಶನ್ ಇದ್ದವು. ಒಂದು ಅಗ್ಗದ್ದು, ನಾಲ್ಕು ಜನ, ಎರಡು ದಿನ. ಇನ್ನೊಂದು ಅದರ ಮೂರು ಪಟ್ಟು, ಯಂತ್ರದ ಗಾಡಿಯೊಂದಿಗೆ. ದುಬಾರಿಯದನ್ನೇ ಆರಿಸಬೇಕೆಂದು ನಾವು ಐದಾರು ಮಂದಿ ಹಟ ಹಿಡಿದೆವು, ಕಾಕೂ ಕೂಡ ನಮ್ಮ ಕಡೆ ಆದರು. ಸಾಯಲಿಕ್ಕೆ ಬಿಟ್ಟು ಉಳಿಸಿದ ದುಡ್ಡು ನನಗೆ ಬೇಡ ಎಂದರು. ಅಷ್ಟಕ್ಕೆ ಗೆದ್ದೆವೆಂದುಕೊಂಡರೆ, ಗಾಡಿ ಬಂದು ನೀರೂ ಕೆಸರೂ ಹೀರಿತು, ಉಸುಕನ್ನು ಹೀರಲಿಲ್ಲ. ಒಂಬತ್ತು ವರ್ಷ ಕೂತ ಉಸುಕು ಗಾರೆಯಂತೆ ಗಟ್ಟಿಯಾಗಿತ್ತು. ಜೋರು ನೀರು ಹೊಡೆದರೂ ಮೂಲೆಗಳಲ್ಲಿ ಜಗ್ಗಲಿಲ್ಲ. ಯಾರಾದರೂ ಇಳಿದು ಸಲಿಕೆಯಿಂದ ಸಡಿಲ ಮಾಡಲೇಬೇಕು ಎಂದ ಗುತ್ತಿಗೆದಾರ.

ಯಂತ್ರ ತಂದರೆ ನೀತಿಯ ಪ್ರಶ್ನೆ ಮುಗಿಯುತ್ತದೆ ಎಂಬ ನಂಬಿಕೆ ಓದಿದವರಲ್ಲಿ ಬಲವಾಗಿದೆ. ಯಂತ್ರ ಪ್ರಶ್ನೆಯನ್ನು ಬಹಳಷ್ಟು ಚಿಕ್ಕದು ಮಾಡುತ್ತದೆ, ನಿಜ. ಉಳಿದ ಮೂಲೆಗೆ ಮಾತ್ರ ಒಬ್ಬ ಮನುಷ್ಯ ಬೇಕು. ಆ ಮನುಷ್ಯ ಯಾವ ಷರತ್ತಿನಲ್ಲಿ ಇಳಿಯುತ್ತಾನೆ ಎಂಬುದು ನಮ್ಮ ಕೈಯಲ್ಲಿತ್ತು. ಎರಡು ದಿನ ಟ್ಯಾಂಕನ್ನು ಖಾಲಿ ಬಿಟ್ಟು ಬ್ಲೋವರಿನಿಂದ ಗಾಳಿ ಹಾಯಿಸಿ, ಗ್ಯಾಸ್ ಅಳೆಯುವ ಮೀಟರ್ ಇಳಿಬಿಟ್ಟು ನೋಡಿ, ಸೊಂಟಕ್ಕೆ ಪಟ್ಟಿ ಕಟ್ಟಿ, ಮೇಲೆ ಹಗ್ಗ ಹಿಡಿದು ಇಬ್ಬರನ್ನು ನಿಲ್ಲಿಸಿ ಇಳಿಸಬೇಕೆಂದು ಬರೆಸಿಕೊಂಡೆವು. ಆ ಎರಡು ದಿನ ಶೌಚದ ನೀರನ್ನು ನೇರ ಪಾಲಿಕೆಯ ಚರಂಡಿಗೆ ತಿರುಗಿಸಬೇಕಾಯಿತು, ಅದೂ ಚೆನ್ನಾದ ಕೆಲಸವೇನಲ್ಲ.

ಇಳಿದವನು ಅಫಜಲಪುರ ತಾಲ್ಲೂಕಿನವನು. ನಾನು ಫೋನಿನಲ್ಲಿ ಮಾತಾಡಿದ್ದನ್ನು ಕೇಳಿ, "ಸಾಹೇಬ್ರ, ತಾವು ನಮ್ಮ ಕಡೀದವ್ರೇನ್ರೀ?" ಎಂದ. ಇಂಡಿ ಕಡೆಯವನು ಎಂದೆ. ಅವನ ಮುಖ ಅರಳಿತು. ಮೊದಲು ಊರಿನಲ್ಲಿ ಏನು ಮಾಡುತ್ತಿದ್ದಿ ಎಂದರೆ, "ಹೊಳ್ಯಾಗ ಉಸುಕು ತುಂಬತಿದ್ನಿರೀ, ಭೀಮಾ ದಂಡ್ಯಾಗ. ಅಲ್ಲೂ ಉಸುಕ, ಇಲ್ಲೂ ಉಸುಕ. ಅಲ್ಲೀದು ಪೊಲೀಸ್ರಿಗೆ ಅಂಜಿ ತುಂಬೋದು, ಇಲ್ಲೀದು ಗ್ಯಾಸಿಗೆ ಅಂಜಿ ತುಂಬೋದು" ಎಂದು ನಕ್ಕ. ಆ ಉಸುಕಿನ ದಂಧೆ ಎಂಥದೆಂದು ಆ ಕಡೆಯವರಿಗೆ ಗೊತ್ತು. 2023ರ ಜೂನಿನಲ್ಲಿ ಜೇವರ್ಗಿ ತಾಲ್ಲೂಕಿನಲ್ಲಿ ಮರಳಿನ ಟ್ರ್ಯಾಕ್ಟರ್ ಹರಿದು ಹೆಡ್ ಕಾನ್‌ಸ್ಟೇಬಲ್ ಒಬ್ಬರು ಸತ್ತದ್ದು ಸುದ್ದಿಯಾಗಿತ್ತು. ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು–ಜಲ್ಲಿ ಬಳಸುತ್ತದೆ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕ. ಒಂದು ಕಡೆ ಕೊಂದಾದರೂ ಬೇಕು, ಇನ್ನೊಂದು ಕಡೆ ಪುಕ್ಕಟೆ ಕೊಟ್ಟರೂ ಬೇಡ.

ಇಂಥ ಕೆಲಸವನ್ನು ಕಾಯಕ ಎಂದು ಕರೆದು ಕೈಮುಗಿಯುವ ಚಾಳಿ ನಮ್ಮವರಿಗಿದೆ. ಆ ಶಬ್ದ ತಾನೇ ಆರಿಸಿಕೊಂಡವನ ಬಾಯಲ್ಲಿ ಮಾತ್ರ ಚೆನ್ನ. ಎರಡು ಎಕರೆ ಒಣಬೇಸಾಯ, ತಂಗಿಯ ಮದುವೆಯ ಸಾಲ, ಇಷ್ಟಿದ್ದವನು ಗುಂಡಿಗೆ ಇಳಿದರೆ ಅದನ್ನು ಕಾಯಕ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಅವನಿಗೆ ಬೇಕಾದದ್ದು ಮೀಟರು, ಹಗ್ಗ, ಸರಿಯಾದ ಕೂಲಿ. ಅವನೂ ಕೇಳಿದ್ದು ಅಷ್ಟನ್ನೇ.

ಅವನ ಊರು ಭೀಮೆಯ ದಂಡೆಯದು ಎಂಬುದನ್ನು ಇಲ್ಲಿರುವ ನಾವು ನೆನಪಿಟ್ಟುಕೊಳ್ಳಬೇಕು. ಮುಳಾ–ಮುಠಾ ಹೋಗಿ ಸೇರುವುದು ಭೀಮೆಯನ್ನು. ಭೀಮೆ ಉಜನಿಯಲ್ಲಿ ನಿಂತು, ಪಂಢರಪುರ ದಾಟಿ, ವಿಜಯಪುರ–ಕಲಬುರಗಿ ಜಿಲ್ಲೆಗಳಿಗೆ ಬರುತ್ತಾಳೆ. ಗಾಣಗಾಪುರದ ಸಂಗಮದಲ್ಲಿ ನಮ್ಮ ಮನೆಯವರು ಮುಳುಗು ಹಾಕುವ ನೀರು ಅದೇ. ಬಿಬವೇವಾಡಿಯ ಉಸುಕು ಅಷ್ಟು ದೂರ ಹೋಗುವುದಿಲ್ಲ, ಉಜನಿಯ ಹಿನ್ನೀರಿನಲ್ಲೇ ಕೂತೀತು. ಆದರೆ ಉಸುಕಿನಿಂದ ಕೆಟ್ಟುಹೋದ ಘಟಕ ಶುದ್ಧ ಮಾಡದೆ ಬಿಟ್ಟ ನೀರಿಗೆ ಹಾಗೆ ಕೂರುವ ಅಭ್ಯಾಸವಿಲ್ಲ. ಪುಣೆಯವರು ಹೀಗೆ ಮಾಡುತ್ತಾರೆ ಎಂದು ಊರಿನಲ್ಲಿ ಬೈಯುವಾಗ, ಆ ಪುಣೆಯವರಲ್ಲಿ ನಾವೂ ಇದ್ದೇವೆ.

ಹಣ ಹಂಚಿದಾಗ ಕೊನೆಯವರೆಗೂ ಕೊಡದೆ ಉಳಿದ ಮನೆಗಳು ಹದಿಮೂರು. ಬಹುತೇಕ ಬಾಡಿಗೆಯವು. ಅವರಲ್ಲಿ ಮೂರು ಮನೆ ನಮ್ಮ ಕನ್ನಡದವರದೇ. ನಾನೇ ಹೋಗಿ ಕೇಳಿದೆ. ಒಬ್ಬರು ಸಾಫ್ಟ್‌ವೇರಿನವರು, ಒಳಗೆ ಕರೆದು ಚಹಾ ಕೊಟ್ಟು, "ಸರ್, ನಾವು ಬಂದು ಎಂಟು ತಿಂಗಳಾಯ್ತು, ಇನ್ನೊಂದು ವರ್ಷ ಇದ್ರೆ ಹೆಚ್ಚು. ಒಂಬತ್ತು ವರ್ಷದ ಉಸುಕಿಗೆ ನಾವ್ಯಾಕೆ ಕೊಡ್ಬೇಕು?" ಎಂದರು. ಮಾತಿನಲ್ಲಿ ನ್ಯಾಯವಿದೆ. ಎಂಟು ತಿಂಗಳದ್ದಷ್ಟೇ ಕೊಡಿ ಎಂದೆ. ಅದನ್ನು ಹೇಗೆ ಲೆಕ್ಕ ಹಾಕುತ್ತೀರಿ ಎಂದರು. 108 ತಿಂಗಳಲ್ಲಿ ಎಂಟು, ನೂರಕ್ಕೆ ಸುಮಾರು ಏಳೂವರೆ ಎಂದೆ. ಅವರು ನಕ್ಕು ಪೂರ್ತಿ ಹಣವನ್ನೇ ಕಳಿಸಿದರು, ಒಪ್ಪಿಗೆಯಾಗಿಯೋ ಮುಜುಗರಕ್ಕೋ ಗೊತ್ತಿಲ್ಲ. ಇನ್ನೊಂದು ಮನೆಯವರು ಮಾಲೀಕರನ್ನು ಕೇಳಿ ಎಂದರು. ಮಾಲೀಕರು ದುಬೈಯಲ್ಲಿದ್ದಾರೆ, ಉಸುಕು ಹಾಕಿದವರು ಬಾಡಿಗೆಯವರು ಎಂದರು. ಮೂರನೆಯದು ಮೂವರು ಹುಡುಗರ ಮನೆ, ಧಾರವಾಡ ಕಡೆಯವರು, ಓದುವವರು. ತಿಂಗಳ ಕೊನೆ ಸರ್, ಎರಡು ಕಂತಿನಲ್ಲಿ ಕೊಡ್ತೀವಿ ಎಂದರು, ಹಾಗೇ ಕೊಟ್ಟರು. ಎರಡನೇ ಕಂತು ಬರುವ ಹೊತ್ತಿಗೆ ಅವರ ಪರೀಕ್ಷೆ ಮುಗಿದು ಮನೆ ಖಾಲಿ ಮಾಡಿಯಾಗಿತ್ತು.

ತೆಗೆದ ಉಸುಕು ಗೇಟಿನ ಪಕ್ಕ ಗುಡ್ಡೆ ಬಿದ್ದು ಎರಡು ವಾರ ಇತ್ತು. ಕಸದ ಗಾಡಿಯವರು ಇದು ಕಸವಲ್ಲ ಎಂದರು, ಕಟ್ಟಡದ ರಾಡಿ ಒಯ್ಯುವವರು ಇದು ಕಸ ಎಂದರು. ಕೊನೆಗೆ ದುಡ್ಡು ಕೊಟ್ಟು ಒಂದು ಟೆಂಪೋದಲ್ಲಿ ಕಳಿಸಿದೆವು. ಎಲ್ಲಿಗೆ ಎಂದು ಚಾಲಕನನ್ನು ಕೇಳಿದ್ದಕ್ಕೆ, ಗಂಗಾಧಾಮದ ಆಚೆ ಎಲ್ಲಾದರೂ ಜಾಗ ನೋಡುತ್ತೇನೆ ಎಂದ. ಕಾರ್ಯದರ್ಶಿಯವರು ಹಾಗೆಲ್ಲ ಆಗುವುದಿಲ್ಲ, ಪಾಲಿಕೆ ಗುರುತಿಸಿದ ಜಾಗಕ್ಕೇ ಒಯ್ಯಬೇಕು, ರಸೀದಿ ತರಬೇಕು ಎಂದು ಅವನ ಬಾಡಿಗೆಯ ಅರ್ಧ ಹಿಡಿದುಕೊಂಡರು. ಸಂಜೆ ಏಳರ ಹೊತ್ತಿಗೆ ಅವನು ರಸೀದಿ ತಂದ.